ಅತ್ತಿಗೆಯ ಹೃದಯದ ಒಂದು ಗೋಡೆ

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ ಇದೆ. ಮುಂದೆ ಊಟದ ಕೋಣೆ, ಹಿಂದೆ ನಮ್ಮ ವಾಸ, ನಡುವೆ ಎರಡಕ್ಕೂ ಸೇರಿದ ಅಡುಗೆಮನೆ. ಬಡಿಸುವುದು ಅಣ್ಣ, ರೊಟ್ಟಿ ಬಡಿಯುವುದು ಅತ್ತಿಗೆ. ನಾನು ಊರಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಬೆಳ್ಳುಳ್ಳಿ ಸುಲಿಯುವುದು, ಪಲ್ಯಕ್ಕೆ ಸೊಪ್ಪು ಸೋಸುವುದು ನನ್ನ ಪಾಲಿನ ಕೆಲಸ. ಅದಕ್ಕಿಂತ ಹೆಚ್ಚಿನದನ್ನು ಅತ್ತಿಗೆ ಎಂದೂ ನನ್ನ ಕೈಗೆ ಕೊಟ್ಟವಳಲ್ಲ.

ಹಡಗಲಿ ತಾಲ್ಲೂಕಿನ ಇಟ್ಟಿಗಿಯಿಂದ ಅವಳು ಮದುವೆಯಾಗಿ ಬಂದಾಗ ನಾನು ಮೂರನೇ ಇಯತ್ತೆಯಲ್ಲಿದ್ದೆ. ನನ್ನ ಅವ್ವ ಆಗಲೇ ಹಾಸಿಗೆ ಹಿಡಿದಿದ್ದಳು. ಬಂದ ಮರುದಿನವೇ ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆದಳು. ಎಷ್ಟು ಬಿಗಿಯಾಗಿ ಹೆಣೆದಳೆಂದರೆ ಹುಬ್ಬು ಮೇಲಕ್ಕೆ ಹೋಗಿ ಇಡೀ ದಿನ ಆಶ್ಚರ್ಯಪಟ್ಟವಳ ಹಾಗೆ ಶಾಲೆಯಲ್ಲಿ ಕೂತಿದ್ದೆ. ಮುಂದೆ ನಾನು ಮದುವೆ ಬೇಡವೆಂದಾಗ ಮನೆಯ ಹಿರಿಯರೆಲ್ಲ ಸೇರಿ ನನಗೆ ಬುದ್ಧಿ ಹೇಳುತ್ತಿದ್ದರು. ಅತ್ತಿಗೆ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಅಕಿ ಎಲ್ಲಿರಬೇಕು ಅಂತಾಳ ಅಲ್ಲೇ ಇರ್ಲಿ ಬಿಡ್ರಿ. ನನ್ನ ಮನ್ಯಾಗ ಜಾಗ ಐತಿ" ಎಂದು ಹೇಳಿ ಮತ್ತೆ ಒಳಗೆ ಹೋದಳು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಇಂಥವಳಿಗೆ ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಎಡಗೈ ನೋವು ಶುರುವಾಯಿತು. ರೊಟ್ಟಿ ಬಡಿಯುವವರಿಗೆ ರಟ್ಟೆ ನೋಯುವುದು ದೊಡ್ಡ ಸುದ್ದಿಯಲ್ಲ. ಅಣ್ಣ ನೋವಿನ ಎಣ್ಣೆ ತಂದುಕೊಟ್ಟ. ನಾನು ರಾತ್ರಿ ಊಟವಾದ ಮೇಲೆ ತಿಕ್ಕಿ ಕೊಡುತ್ತಿದ್ದೆ. ಒಮ್ಮೊಮ್ಮೆ ಆ ನೋವು ದವಡೆಗೆ ಹತ್ತುತ್ತಿತ್ತು. ತುಂಬಿದ ಕೊಡ ಎತ್ತಿದಾಗ, ಬಿಸಿಲಲ್ಲಿ ಸಂತೆಯಿಂದ ನಡೆದು ಬಂದಾಗ, ದವಡೆ ಹಿಡಿದುಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದಳು. ನಿಂತರೆ ಕಡಿಮೆಯಾಗುತ್ತಿತ್ತು. ಹಲ್ಲು ಇರಬೇಕೆಂದು ಒಬ್ಬಳೇ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು ಬಂದಳು.

"ಏನಂದ್ರು?" ಎಂದು ಕೇಳಿದೆ.

"ಹಲ್ಲು ಚಲೋ ಅದಾವಂತ" ಎಂದಳು. ಅಷ್ಟೇ ಹೇಳಿದಳು.

ಅದು ಬೇಸಿಗೆ ರಜೆಯ ಮೊದಲ ವಾರ. ಬೆಳಗಿನ ತಿಂಡಿಯ ಹೊತ್ತು ಕಳೆದು ಮಧ್ಯಾಹ್ನದ ಊಟಕ್ಕೆ ತಯಾರಿ ನಡೆದಿತ್ತು. ನಾನು ಹಿತ್ತಲ ಕಟ್ಟೆಯ ಮೇಲೆ ಪುಂಡಿಸೊಪ್ಪು ಬಿಡಿಸುತ್ತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಆ ಸದ್ದು ನಮ್ಮ ಮನೆಯಲ್ಲಿ ಗಡಿಯಾರದ ಸದ್ದಿನ ಹಾಗೆ, ಇದ್ದಾಗ ಯಾರಿಗೂ ಕೇಳಿಸುವುದಿಲ್ಲ. ಅದು ನಿಂತಿತು. ಸ್ವಲ್ಪ ಹೊತ್ತಿಗೆ ಹೊತ್ತಿದ ವಾಸನೆ ಬಂತು. ಅತ್ತಿಗೆ ರೊಟ್ಟಿ ಹೊತ್ತಿಸಿದ್ದನ್ನು ಅವಳು ಈ ಮನೆಗೆ ಬಂದಾಗಿನಿಂದ ನಾನು ಕಂಡಿಲ್ಲ.

ಒಳಗೆ ಹೋದರೆ ಹಂಚಿನ ಮೇಲೆ ರೊಟ್ಟಿ ಕಪ್ಪಾಗಿ ಹೊಗೆಯಾಡುತ್ತಿತ್ತು. ಅತ್ತಿಗೆ ಜೋಳದ ಡ್ರಮ್ಮಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಒಲೆಯ ಮುಂದೆ ಬೆವರುವುದು ಬೇರೆ, ಆ ಬೆವರು ಬೇರೆ. ಹಣೆ, ಕುತ್ತಿಗೆ, ಮುಂಗೈ ಎಲ್ಲ ನೀರು ಸುರಿದ ಹಾಗೆ ಒದ್ದೆಯಾಗಿದ್ದವು. ಮುಟ್ಟಿದರೆ ಮೈ ತಣ್ಣಗಿತ್ತು.

"ಅತ್ತಿಗಿ, ಏನಾತು?"

"ಏನಿಲ್ಲ ತಂಗಿ, ಗ್ಯಾಸು. ಮೊದ್ಲು ಆ ರೊಟ್ಟಿ ತೆಗಿ."

ರೊಟ್ಟಿ ತೆಗೆಯುವಷ್ಟರಲ್ಲಿ ಅವಳಿಗೆ ವಾಂತಿಯಾಯಿತು. ನಾನು ಕೂಗಿದ್ದು ಕೇಳಿ ಅಣ್ಣ ಓಡಿ ಬಂದ. ಅವನ ಹಿಂದೆಯೇ, ಕೈಯಲ್ಲಿದ್ದ ಚಹಾ ಲೋಟವನ್ನು ಮೇಜಿನ ಮೇಲಿಟ್ಟು, ನಮ್ಮ ಖಾಯಂ ಗಿರಾಕಿಯೊಬ್ಬರು ಬಾಗಿಲವರೆಗೆ ಬಂದರು. ಅವರು ಕಾನಹೊಸಹಳ್ಳಿಯವರು, ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಕೊಟ್ಟೂರಿನಲ್ಲಿ ಮಗಳ ಮನೆಯಲ್ಲಿದ್ದರು. ದಿನಾ ಈ ಹೊತ್ತಿಗೆ ನಮ್ಮಲ್ಲಿಗೆ ಬಂದು ಪೇಪರು ಓದುವುದು ಅವರ ರೂಢಿ.

ಅಣ್ಣ, "ಸೋಡಾ ತರ್ತೀನಿ, ಓಂಕಾಳು ತಿನಿಸು" ಎಂದು ನನಗೆ ಹೇಳಿ ಹೊರಟಿದ್ದ. ಡ್ರೈವರ್ ಕಾಕಾ ಬಾಗಿಲಿಗೆ ಅಡ್ಡ ಕೈ ಹಿಡಿದರು.

"ಸೋಡಾ ಬ್ಯಾಡ. ಅಕ್ಕಾ, ಕೈ ನೋಯ್ತೈತೇನು? ದವಡಿ?"

ಅತ್ತಿಗೆ ತಲೆಯಾಡಿಸಿದಳು.

"ಎಬ್ಬಿಸ್ರಿ. ಗಾಡಿ ತರ್ರಿ. ಇದು ಗ್ಯಾಸ್ ಅಲ್ಲ" ಎಂದರು. ಅವರ ದನಿ ಬಸ್ಸಿನಲ್ಲಿ ಹಿಂದಿನ ಸೀಟಿನವರೆಗೂ ಕೇಳಿಸುವ ದನಿ. ಅಣ್ಣ ಇನ್ನೂ ನಿಂತೇ ಇದ್ದ. "ಲೇ, ನನಗೂ ಹಿಂಗ ಆಗಿತ್ತಪ್ಪ! ನಡಿ ನಡಿ!"

ಕಾಯಿಪಲ್ಯೆ ತರುವ ಗೂಡ್ಸ್ ಆಟೋ ಬಾಗಿಲಲ್ಲೇ ಇತ್ತು. ಬದನೆಕಾಯಿ ಚೀಲಗಳನ್ನು ಹಾಗೇ ಬೀದಿಗೆ ಇಳಿಸಿ, ಹಿಂದೆ ಚಾಪೆ ಹಾಸಿ ಅತ್ತಿಗೆಯನ್ನು ಮಲಗಿಸಿದೆವು. ಅವಳು ತಲೆಯನ್ನು ನನ್ನ ತೊಡೆಯ ಮೇಲಿಟ್ಟು, "ಊಟಕ್ಕ ಮಂದಿ ಬರ್ತಾರ, ಯಾರು ಮಾಡ್ತೀರಿ?" ಎಂದಳು.

ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಂದು ಇದ್ದವರು ಒಬ್ಬ ಹುಡುಗಿಯಂಥ ಡಾಕ್ಟರು. ಬೇರೆ ಕಡೆಯವರೆಂದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಅತ್ತಿಗೆಯ ಮುಖ ನೋಡಿದ ಕೂಡಲೇ ಮಿಕ್ಕವರನ್ನು ಬದಿಗೆ ಸರಿಸಿ ಅವಳನ್ನು ಮಂಚದ ಮೇಲೆ ಮಲಗಿಸಿಕೊಂಡರು. ನರ್ಸಮ್ಮ ಎದೆಗೆ, ಕೈಕಾಲಿಗೆ ತಂತಿ ಹಚ್ಚುವಾಗ ಅತ್ತಿಗೆ ಗಾಬರಿಯಾಗಿ, "ಕರೆಂಟು ಕೊಡ್ತೀರೇನ್ರಿ?" ಎಂದು ಕೇಳಿದಳು.

"ಇಲ್ಲಮ್ಮ, ನಿಮ್ಮ ಹೃದಯ ಏನು ಹೇಳುತ್ತೆ ಅಂತ ಬರ್ಕೊಳ್ತೀವಿ ಅಷ್ಟೇ."

ಇಸಿಜಿ ಕಾಗದ ಹೊರಗೆ ಬಂತು. ಡಾಕ್ಟರು ಅದರ ಫೋಟೋ ತೆಗೆದು ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರಿಗೆ ಕಳಿಸಿ, ಫೋನು ಕಿವಿಗಿಟ್ಟುಕೊಂಡೇ ಅತ್ತಿಗೆಯ ಬಾಯಿಗೆ ಮಾತ್ರೆ ಹಾಕಿ ಅಗಿಯಲು ಹೇಳಿದರು. ಮಾತು ಮುಗಿಸಿ ನಮ್ಮ ಕಡೆ ತಿರುಗಿದರು.

"ಹಾರ್ಟ್ ಅಟ್ಯಾಕ್ ಆಗ್ತಾ ಇದೆ. ಆಗಿ ಮುಗಿದಿಲ್ಲ, ಆಗ್ತಾ ಇದೆ. ಅದೇ ನಮ್ಮ ಪುಣ್ಯ."

ಅಣ್ಣ ಗೋಡೆಗೆ ಆತುಕೊಂಡ. ಅತ್ತಿಗೆಗೆ ಆ ಸ್ಥಿತಿಯಲ್ಲೂ ಮಾತು ಬಿಡಲಾಗಲಿಲ್ಲ. "ಆಗ್ತಾ ಇದ್ರ ಪುಣ್ಯ ಹೆಂಗ್ರಿ ಡಾಕ್ಟ್ರೇ?"

ಅವರು ಅವಳ ಕೈ ಹಿಡಿದುಕೊಂಡು ಹೇಳಿದರು. ಹೃದಯದ ಮಾಂಸಕ್ಕೇ ರಕ್ತ ಕೊಡುವ ಒಂದು ನಾಳದಲ್ಲಿ ಹೆಪ್ಪು ಕಟ್ಟಿದೆ. ಅದರ ಆಚೆ ಇರುವ ಮಾಂಸಕ್ಕೆ ಈಗ ಉಸಿರಿಲ್ಲ. ಒಂದೇ ಸಲ ಸಾಯುವುದಿಲ್ಲ, ಒಳಗಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವಾಗಿ ಸಾಯುತ್ತಾ ಬರುತ್ತದೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಈಗಲೇ ಹೆಪ್ಪು ಕರಗಿಸಿದರೆ ಉಳಿದದ್ದು ಉಳಿಯುತ್ತದೆ. ಕರಗಿಸುವ ಇಂಜೆಕ್ಷನ್ ಇಲ್ಲೇ ಇದೆ, ದಾವಣಗೆರೆಗೆ ಹೋಗಿಯೇ ಕೊಡಬೇಕೆಂದು ಕಾಯುವ ಕೆಲಸವಿಲ್ಲ.

ಆಮೇಲೆ ಬಡಬಡನೆ ಪ್ರಶ್ನೆ ಕೇಳಿದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿತ್ತೇ? ಯಾವಾಗಲಾದರೂ ಲಕ್ವ ಹೊಡೆದಿತ್ತೇ? ಈಚೆಗೆ ಆಪರೇಷನ್ ಆಗಿತ್ತೇ, ತಲೆಗೆ ಪೆಟ್ಟು ಬಿದ್ದಿತ್ತೇ? ಆ ಮದ್ದು ಹೆಪ್ಪನ್ನು ಕರಗಿಸುವ ಹಾಗೆಯೇ ಬೇರೆ ಕಡೆ ರಕ್ತ ಸೋರಿಸಲೂಬಹುದಂತೆ. ಎಲ್ಲಕ್ಕೂ ಇಲ್ಲವೆಂದೆವು. ಕೊನೆಗೆ ತೂಕ ಕೇಳಿದರು. ಮದ್ದಿನ ಅಳತೆ ತೂಕದ ಮೇಲೆ. ಅಣ್ಣ ಒಂದು ಅಂಕಿ ಹೇಳಿದ. ಅತ್ತಿಗೆ ಕಣ್ಣು ಮುಚ್ಚಿಕೊಂಡೇ, "ಅಷ್ಟಿಲ್ಲ" ಎಂದಳು. ಡಾಕ್ಟರಮ್ಮ ನಕ್ಕು, ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅಣ್ಣ ಹೇಳಿದ್ದನ್ನೇ ಬರೆದುಕೊಂಡರು.

ಇಂಜೆಕ್ಷನ್ ಒಂದೇ ಸಲಕ್ಕೆ ಮುಗಿಯಿತು. ಅಷ್ಟು ಸಣ್ಣದನ್ನು ನಂಬಿ ಕೂರುವುದು ಹೇಗೆಂದು ನನಗೆ ಅನಿಸಿತು. ಅತ್ತಿಗೆಯ ತಲೆಯ ಹತ್ತಿರ ಎದೆಬಡಿತ ತೋರಿಸುವ ಪೆಟ್ಟಿಗೆಯಲ್ಲಿ ಹಸಿರು ಗೆರೆ ಓಡುತ್ತಿತ್ತು. ಅವಳು ಹಲ್ಲು ಕಚ್ಚಿ ಮಲಗಿದ್ದಳು. ನಾನು ಅವಳ ಅಂಗೈಗೆ ಅಂಟಿ ಒಣಗಿದ್ದ ಜೋಳದ ಹಿಟ್ಟನ್ನು ಉಗುರಿನಿಂದ ಬಿಡಿಸುತ್ತಾ ನಿಂತೆ. ಬೇರೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಮೇಲಿಂದ ಮೇಲೆ ಅಣ್ಣ ಒಳಗೆ ಬಂದು ಹೋಗುತ್ತಿದ್ದ. ಊಟದ ತಟ್ಟೆಗಳನ್ನು ತೋಳಿನ ಮೇಲೆ ಸಾಲಾಗಿ ಜೋಡಿಸಿಕೊಂಡು ಓಡಾಡುವ ಮನುಷ್ಯ, ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಗುಂಡಿ ತಿರುವುತ್ತಿದ್ದ.

ಒಮ್ಮೆಲೇ ಆ ಹಸಿರು ಗೆರೆ ದಾರಿ ತಪ್ಪಿದ ಹಾಗೆ ಅಡ್ಡಾದಿಡ್ಡಿ ಕುಣಿಯಿತು. ನಾನು ನರ್ಸಮ್ಮನನ್ನು ಕೂಗಿದೆ. ಡಾಕ್ಟರಮ್ಮ ಮಾತ್ರ ಹತ್ತಿರ ಬಂದು ನೋಡುತ್ತಾ ನಿಂತರು. ಗೆರೆ ಮತ್ತೆ ಸರಿಯಾಗಿ ಓಡತೊಡಗಿತು. "ನಾಳ ತೆರೆದಾಗ ಕೆಲವು ಸಲ ಹೀಗಾಗುತ್ತೆ. ಹಸಿದಿದ್ದವರಿಗೆ ಒಮ್ಮೆಲೇ ಊಟ ಸಿಕ್ಕಂಗೆ" ಎಂದರು. ಸ್ವಲ್ಪ ಹೊತ್ತಿಗೆ ಅತ್ತಿಗೆ ಉದ್ದಕ್ಕೆ ಉಸಿರು ಬಿಟ್ಟಳು.

"ತಂಗಿ, ಎದಿ ಮ್ಯಾಲಿಂದ ಯಾರೋ ಚೀಲ ಇಳಿಸಿದಂಗ ಆತು."

ಅಣ್ಣ ಅಲ್ಲೇ ನೆಲದ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಅವನನ್ನು ನೋಡಿ, ನನ್ನ ಕಡೆ ತಿರುಗಿ, "ಹಿಟ್ಟು ನಾದಿಟ್ಟೀನಿ. ಒಣಗ್ತೈತಿ. ಮನಿಗೆ ಯಾರರ ಹೋದ್ರ ಹಸಿ ಅರಿವಿ ಮುಚ್ಚಾಕ ಹೇಳು" ಎಂದಳು.

ಆಂಬುಲೆನ್ಸಿನಲ್ಲಿ ಹರಪನಹಳ್ಳಿ ದಾಟಿ ದಾವಣಗೆರೆಗೆ ಹೊರಟೆವು. ಅಣ್ಣ ಮುಂದೆ ಡ್ರೈವರ್ ಪಕ್ಕ, ನಾನು ಹಿಂದೆ ಅವಳ ಪಕ್ಕ. ದಾರಿಯಲ್ಲಿ ಅವಳು ಸನ್ನೆ ಮಾಡಿ ನನ್ನ ಕಿವಿಯನ್ನು ಹತ್ತಿರಕ್ಕೆ ಕರೆದಳು.

"ಹಲ್ಲಿನ ಡಾಕ್ಟ್ರು ಅವತ್ತ, ಹಲ್ಲು ಚಲೋ ಅದಾವ, ಎದಿ ತೋರಿಸ್ರಿ ಅಂದಿದ್ರು."

"ಮತ್ತ?"

"ಎದಿ ಯಾಕ ತೋರಿಸಬೇಕು, ನೋಯೋದು ದವಡಿ ಅಂತ ಬಂದೆ. ನಿಮ್ಮಣ್ಣಗ ಹೇಳಬ್ಯಾಡ."

ನನಗೆ ಸಿಟ್ಟು ಬಂತು, ಅಳು ಬಂತು, ಮತ್ತೆ ಆ ಗಾಡಿಯೊಳಗೇ ನಗುವೂ ಬಂತು. ಹೇಳುವುದಿಲ್ಲವೆಂದು ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ದಾವಣಗೆರೆಯಲ್ಲಿ ಮರುದಿನ ತೊಡೆಯ ಹತ್ತಿರದ ನಾಳದಿಂದ ಸಣ್ಣ ತಂತಿ ತೂರಿಸಿ, ಹೃದಯದ ನಾಳ ಮತ್ತೆ ಕಟ್ಟಿಕೊಳ್ಳದಂತೆ ಸ್ಟೆಂಟ್ ಹಾಕಿದರು. ಅದು ಸುಸೂತ್ರವಾಗಿ ಆಯಿತು. ಆಮೇಲೆ ಎದೆಗೆ ತಣ್ಣನೆಯ ಜೆಲ್ಲು ಸವರಿ, ಹೃದಯ ಬಡಿಯುವುದನ್ನು ಪರದೆಯ ಮೇಲೆ ನೋಡುವ ಎಕೋ ಮಾಡಿದರು. ಹೃದಯದ ಡಾಕ್ಟರು ನಡುವಯಸ್ಸಿನವರು, ನಿಧಾನಕ್ಕೆ ಮಾತಾಡುವವರು. ನಮ್ಮಿಬ್ಬರನ್ನೂ ಅತ್ತಿಗೆಯ ಮಂಚದ ಹತ್ತಿರವೇ ಕರೆದು, ಅವಳ ಎದುರಿಗೇ ಹೇಳಿದರು.

"ನಾಳ ತೆರೆದೈತೆ, ರಕ್ತ ಹರೀತೈತೆ. ಆದ್ರೆ ಹೃದಯದ ಮುಂದಿನ ಗೋಡೆ ಸರಿಯಾಗಿ ಅಲುಗಾಡ್ತಿಲ್ಲ."

ಅಣ್ಣನ ಮುಖ ಬಿಳಿಚಿತು. ಅತ್ತಿಗೆ ಮಾತ್ರ ವಿಚಾರ ಮಾಡಿ, "ಗೋಡಿ ಅಲುಗಾಡಿದ್ರ ಚಿಂತಿ ಮಾಡಬೇಕಲ್ರಿ?" ಎಂದಳು.

ಡಾಕ್ಟರು ತಮ್ಮ ಮುಷ್ಟಿಯನ್ನು ಬಿಗಿ ಮಾಡಿ, ಸಡಿಲಿಸಿ, ಹೃದಯದ ಗೋಡೆಯೆಂದರೆ ಕಲ್ಲಲ್ಲ, ಹೀಗೆ ಹಿಂಡುವ ಮಾಂಸವೆಂದು ತೋರಿಸಿದರು. ಮುಷ್ಟಿಯ ಒಂದು ಬದಿಯ ಬೆರಳುಗಳು ಹಿಂಡದೆ ಸುಮ್ಮನೆ ಕೂತಿವೆ ಎಂದುಕೊಳ್ಳಿ ಎಂದರು. "ಅದರಾಗೆ ಎಷ್ಟು ಸತ್ತೈತೆ, ಎಷ್ಟು ಗರಬಡಿದು ಕೂತೈತೆ ಅಂತ ಇವತ್ತು ಹೇಳಾಕಾಗಲ್ಲ. ರಕ್ತ ನಿಂತು ಮತ್ತೆ ಬಂದಾಗ ಬದುಕಿರೋ ಮಾಂಸಾನೂ ಕೆಲವು ದಿನ, ಕೆಲವು ವಾರ, ದಿಕ್ಕು ತೋಚದೆ ಕೂತುಬಿಡ್ತೈತೆ. ಆಮೇಲೆ ತಾನಾಗೇ ಏಳ್ತೈತೆ. ನೀವು ಬೇಗ ಬಂದೀರಿ. ನನಗೆ ಆಸೆ ಐತೆ. ಶಾಲೆ ಶುರುವಾಗೋ ಹೊತ್ತಿಗೆ ಮತ್ತೆ ನೋಡೋಣ."

ಅಲ್ಲಿಯವರೆಗೆ ಮಾಡಬೇಕಾದದ್ದನ್ನು ಹೇಳಿದರು. ಒಂದು ಹೊತ್ತಿನ ಮಾತ್ರೆಯೂ ತಪ್ಪಕೂಡದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾರು ಏನೇ ಹೇಳಿದರೂ ನಿಲ್ಲಿಸಕೂಡದು. ಭಾರ ಎತ್ತಬಾರದು, ಒಲೆಯ ಮುಂದೆ ಕೂರಬಾರದು, ಉಪ್ಪು ಎಣ್ಣೆ ಕಡಿಮೆ. ಹಾಸಿಗೆ ಹಿಡಿದು ಮಲಗುವುದೂ ಬೇಡ, ದಿನಾ ನಡೆಯಬೇಕು, ಮೊದಲು ಸ್ವಲ್ಪ, ಆಮೇಲೆ ಹೆಚ್ಚು.

ಮನೆಗೆ ಬಂದ ಮೇಲೆ ಅಣ್ಣ, ಖಾನಾವಳಿಯನ್ನು ಮಳೆಗಾಲದವರೆಗೆ ಮುಚ್ಚುತ್ತೇನೆಂದ. ಅತ್ತಿಗೆಗೆ ಅದುವರೆಗೆ ಬಂದಿರದ ಸಿಟ್ಟು ಬಂತು. "ನಾ ಇನ್ನೂ ಅದೀನಿ! ಸತ್ತ ಮನಿಗಿ ಹಾಕಿದಂಗ ಬಾಗಲಾ ಹಾಕ್ತೀಯೇನು?" ಎಂದಳು. ಸಿಟ್ಟು ಮಾಡಿಕೊಳ್ಳಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ ಅಣ್ಣ ಕೂಡಲೇ ಒಪ್ಪಿಕೊಂಡ. ರಜೆಯಲ್ಲಿದ್ದವಳು ನಾನೊಬ್ಬಳೇ. ಹೀಗೆ ನನ್ನ ಕೈಗೆ ಹಿಟ್ಟು ಬಂತು.

ಅಡುಗೆಮನೆಯ ಬಾಗಿಲಲ್ಲಿ, ಒಲೆಯ ಝಳ ತಾಗದಷ್ಟು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಅವಳು ಕೂರುತ್ತಿದ್ದಳು. ನಾನು ಹಿಟ್ಟಿಗೆ ಬಿಸಿನೀರು ಹಾಕಿದರೆ ಸಾಕು, ಶುರು. "ಇನ್ನೂ ನೀರು ಕುದಿಬೇಕಿತ್ತು. ಅಂಗೈಲೆ ನಾದು, ಬೆರಳಿಂದಲ್ಲ. ಅಂಚು ಒಡೀತು ನೋಡು, ಅಂಚು ಒಡೀತು." ನನ್ನ ರೊಟ್ಟಿ ಬಡಿದಷ್ಟೂ ಹರಿಯುತ್ತಿತ್ತು, ಎತ್ತಿ ಹಂಚಿಗೆ ಹಾಕುವಾಗ ಎರಡು ತುಂಡಾಗುತ್ತಿತ್ತು. ಒಂದು ದಿನ ನಾನು ಬೇಸತ್ತು ಜೋರಾಗಿ ಬಡಿಯುತ್ತಿದ್ದಾಗ ಅವಳು ಮೆಲ್ಲಗೆ, "ತಂಗಿ, ಅದಕ್ಕ ಹೊಡಿಬ್ಯಾಡ. ಸಮಾಧಾನ ಮಾಡು" ಎಂದಳು. ಅದೇಕೋ, ಆ ಮಾತು ಕೇಳಿದ ಮೇಲೆ ಕೈ ಸರಿಯಾಗತೊಡಗಿತು. ಗಿರಾಕಿಗಳು ಒಳ್ಳೆಯವರು, ಮುರಿದ ರೊಟ್ಟಿಯನ್ನು ಮುರಿದುಕೊಂಡೇ ತಿನ್ನುವುದಲ್ಲವೇ ಎಂದು ತಿಂದು ಹೋದರು. ಕುರಿ ಮಾರಲು ಸಂತೆಗೆ ಬರುವ ಒಬ್ಬ ಹಿರಿಯರು ಮಾತ್ರ ಕೈ ತೊಳೆಯುತ್ತಾ, "ಅವ್ವಾರು ಲಗೂನ ಆರಾಮ ಆಗ್ಲಿ" ಎಂದು ಎರಡು ಸಲ ಹೇಳಿದರು.

ಅಣ್ಣನೂ ಬದಲಾದ. ಅವಳಿಗೆ ಬೇರೆ ಅಡುಗೆಯೆಂದು ಮಾಡಿದರೆ ಮನಸ್ಸಿಗೆ ಹತ್ತುತ್ತದೆಂದು ತಾನೂ ಉಪ್ಪಿಲ್ಲದ ಪಲ್ಯವನ್ನೇ ಉಣ್ಣತೊಡಗಿದ. ಶೇಂಗಾ ಚಟ್ನಿಪುಡಿಗೂ ಉಪ್ಪು ಹಾಕದೆ ಬೇರೆ ಡಬ್ಬಿಯಲ್ಲಿ ಇಟ್ಟೆವು. ಅದನ್ನು ತಿನ್ನುವಾಗ ಅವನ ಮುಖ ನೋಡುವ ಹಾಗಿರುತ್ತಿತ್ತು, ಆದರೆ ತಟ್ಟೆ ಖಾಲಿ ಮಾಡಿಯೇ ಏಳುತ್ತಿದ್ದ. ಮಾತ್ರೆ ಕೊಡುವುದನ್ನು ನನಗೂ ಬಿಡುತ್ತಿರಲಿಲ್ಲ. ನೀರಿನ ಲೋಟ ಹಿಡಿದು ನಿಂತು, "ನುಂಗಿದ್ಯಾ? ಬಾಯಿ ತೆಗಿ" ಎಂದು ಕೂಸಿಗೆ ಹೇಳಿದ ಹಾಗೆ ಹೇಳಿ ನೋಡಿಯೇ ಹೋಗುತ್ತಿದ್ದ.

ನಡಿಗೆಯದೇ ಒಂದು ಕತೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ನಾನು ಅವಳನ್ನು ಕರೆದುಕೊಂಡು ಹೊರಡಬೇಕು. ಮೊದಲ ದಿನ ಅವಳು ಹೊಸ್ತಿಲಲ್ಲೇ ನಿಂತಳು. "ಕೆಲಸ ಇಲ್ಲದ ಸುಮ್ನ ಅಡ್ಡಾಡಾಕ ನಾಚಿಕಿ ಆಗ್ತೈತಿ. ಮಂದಿ ಏನಂದಾರು?" ಇಷ್ಟು ವರ್ಷ ಆ ಊರಿನಲ್ಲಿದ್ದು ಅವಳು ಯಾವ ಕೆಲಸವೂ ಇಲ್ಲದೆ ಬೀದಿಯಲ್ಲಿ ನಡೆದೇ ಇರಲಿಲ್ಲ. ಕೊನೆಗೆ ಒಳಗೆ ಹೋಗಿ ಕಾಯಿಪಲ್ಯೆಯ ಚೀಲ ಹಿಡಿದುಕೊಂಡು ಬಂದಳು. ಖಾಲಿ ಚೀಲ ಕೈಯಲ್ಲಿದ್ದರೆ ಮಾರ್ಕೆಟ್ಟಿಗೆ ಹೊರಟವಳ ಹಾಗೆ ಕಾಣುತ್ತದೆ. ಅಂದಿನಿಂದ ದಿನಾ ಆ ಚೀಲ ನಮ್ಮ ಜೊತೆ ಬಂತು. ಮೊದಲ ದಿನ ಓಣಿಯ ತುದಿಯ ಟೇಲರ್ ಅಂಗಡಿಯವರೆಗೆ, ಮತ್ತೆ ಕೆಲವು ದಿನಕ್ಕೆ ಬಸ್ ನಿಲ್ದಾಣದವರೆಗೆ, ಆಮೇಲೆ ಊರಾಚೆ ಹೊಲಗಳು ಶುರುವಾಗುವ ಕಡೆಗೆ. ದಾರಿಯಲ್ಲಿ ಯಾರಾದರೂ, "ಮಾರ್ಕೆಟ್ ಈ ಕಡಿ ಅಲ್ಲಲ್ರಿ?" ಎಂದರೆ, "ಹೊಲದಾಗ ಸೊಪ್ಪು ಕಿತ್ಕೊಂಡು ಬರಾಕ" ಎನ್ನುತ್ತಿದ್ದಳು. ಹಾಗೆ ಹೇಳಿದ ತಪ್ಪಿಗೆ ಕೆಲವು ದಿನ ನಿಜವಾಗಿಯೂ ಯಾರದೋ ಬದುವಿನಿಂದ ಸೊಪ್ಪು ಕೇಳಿ ತಂದೆವು.

ಎಲ್ಲ ದಿನಗಳೂ ಹೀಗಿರಲಿಲ್ಲ. ಒಂದು ಮಧ್ಯಾಹ್ನ ನಾನು ಊಟದ ಕೋಣೆಯಲ್ಲಿದ್ದಾಗ ಅವಳು ಯಾರಿಗೂ ಹೇಳದೆ ಹಿತ್ತಲಲ್ಲಿ ತುಂಬಿದ ಕೊಡ ಎತ್ತಲು ಹೋದಳು. ಸೊಂಟಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿ ಕೊಡ ಕೈಬಿಟ್ಟಳು. ಸದ್ದು ಕೇಳಿ ಓಡಿದೆ. ಅವಳು ಚೆಲ್ಲಿದ ನೀರಿನ ನಡುವೆ ಕಟ್ಟೆಯ ಮೇಲೆ ಕೂತಿದ್ದಳು. ನೋವಿರಲಿಲ್ಲ, ಉಸಿರೂ ಬೇಗ ಸರಿಹೋಯಿತು. ಆದರೆ ನಾನು ಕಂಡ ಹಾಗೆ ಮೊದಲ ಸಲ ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ನನ್ನ ಅರ್ಧ ಎದಿ ಸತ್ತೈತಿ. ನಿಮಗೆಲ್ಲಾ ಗೊತ್ತೈತಿ. ನನಗ ಯಾರೂ ಹೇಳವಲ್ರಿ."

"ಡಾಕ್ಟ್ರು ಹೇಳಿದ್ದು ನಿನ್ನ ಮುಂದ ಹೇಳ್ಯಾರಲ್ಲ ಅತ್ತಿಗಿ. ಗರಬಡಿದು ಕೂತೈತಿ ಅಂತ..."

"ಹಂಗಂದ್ರ ಏನು? ಸಮಾಧಾನಕ್ಕ ಹೇಳಿದ ಮಾತು ಅದು!"

ಅವಳನ್ನು ಒಳಗೆ ಕರೆದುಕೊಂಡು ಹೋಗಿ ಸೀರೆ ಬದಲಿಸಿ ಕೂರಿಸಿದೆ. ಊಟದ ಕೋಣೆಯಲ್ಲಿ ಡ್ರೈವರ್ ಕಾಕಾ ಇದ್ದರು. ಅವರಿಗೆ ಎಲ್ಲ ಕೇಳಿಸಿತ್ತು. ಅವರು ಅಡುಗೆಮನೆಯವರೆಗೆ ಬರುವವರಲ್ಲ; ಅಂದು ಅಣ್ಣನ ಒಪ್ಪಿಗೆ ಕೇಳಿ ಬಂದು, ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತರು.

"ಅಕ್ಕಾ, ನನಗ ಆದಾಗ ನಾ ಡ್ಯೂಟಿ ಮ್ಯಾಲೆ ಇದ್ದೆ" ಎಂದು ಶುರು ಮಾಡಿದರು. "ಕೂಡ್ಲಿಗಿ ದಾಟಿದ್ದೆ. ಎದಿ ಹಿಡ್ಕೊಂತು. ಗ್ಯಾಸ್ ಅಂದೆ. ಬಸ್ಸು ಊರು ಮುಟ್ಟಿಸಿದೆ, ಮನಿಗೆ ಹೋಗಿ ಮಲಗಿದೆ, ಮಜ್ಜಿಗಿ ಕುಡಿದೆ. ಆಸ್ಪತ್ರಿಗೆ ಹೋಗಾದ್ರಾಗ ಹೊತ್ತು ಮುಣಿಗಿತ್ತು. ಅಲ್ಲಿ ಅವರಂದ್ರು, ಬಾಳ ತಡ ಆತು ಅಂತ. ಅವತ್ತಿನಿಂದ ಸ್ಟೇರಿಂಗ್ ಹಿಡಿದಿಲ್ಲ. ಮಗಳ ಮನಿ ಮ್ಯಾಲಿನ ಕ್ವಾಣಿ ಹೆಂಗೈತಿ ಅಂತ ನಾ ಇನ್ನೂ ನೋಡಿಲ್ಲ, ಮೆಟ್ಟಲಾ ಹತ್ತಾಕ ಆಗಂಗಿಲ್ಲ." ಅಂಗೈಯನ್ನು ಎದೆಯ ಮೇಲಿಟ್ಟು ಹೇಳಿದರು: "ನಂದು ಸತ್ತೈತಿ ಅಕ್ಕಾ. ನಿಂದು ಸತ್ತಿಲ್ಲ. ನನ್ನಂಥಾಂವ ಹೇಳಿದ್ರ ನಂಬು."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಅವರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ, "ಕಾಕಾಗ ಬಿಸಿ ರೊಟ್ಟಿ ಹಾಕು. ಹರಿದಿದ್ದು ಬ್ಯಾಡ, ಚಲೋದು ಹಾಕು" ಎಂದಳು. ಮತ್ತೆ ಕೊಡ ಎತ್ತಲು ಹೋಗಲಿಲ್ಲ.

ಶಾಲೆ ಶುರುವಾದ ಮೊದಲ ಭಾನುವಾರ ಕಳೆದ ಮೇಲೆ ಒಂದು ದಿನ ರಜೆ ಹಾಕಿ ಮೂವರೂ ದಾವಣಗೆರೆಗೆ ಹೋದೆವು. ಎಕೋ ಕೋಣೆಯಲ್ಲಿ ಅಣ್ಣನನ್ನು ಹೊರಗೇ ನಿಲ್ಲಿಸಿ ನನ್ನನ್ನು ಒಳಗೆ ಬಿಟ್ಟರು. ಪರದೆಯ ಮೇಲೆ ಬೂದು ಬಣ್ಣದ ಏನೋ ಒಂದು ಹಿಗ್ಗುತ್ತಾ ಕುಗ್ಗುತ್ತಾ ಇತ್ತು. ನನಗೆ ಏನೂ ತಿಳಿಯಲಿಲ್ಲ. ಡಾಕ್ಟರು ಹಿಂದಿನ ಸಲದ್ದನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ಬೆರಳು ತೋರಿಸಿದರು. ಹಿಂದಿನದರಲ್ಲಿ ಒಂದು ಬದಿ ಕದಲದೆ ನಿಂತಿತ್ತು. ಈಗಿನದರಲ್ಲಿ ಅದೇ ಬದಿ ಒಳಕ್ಕೆ ಬಂದು ಹೊರಕ್ಕೆ ಹೋಗುತ್ತಿತ್ತು.

"ಎದ್ದೈತೆ ನೋಡಿ" ಎಂದರು. "ತುದಿಯಾಗೆ ಇಷ್ಟು ಸಣ್ಣ ಜಾಗ ಗಾಯದ ಕಲೆಯಂಗೆ ಉಳ್ಕೊಂಡೈತೆ, ಅದು ಹಂಗೇ ಇರ್ತೈತೆ. ಮಿಕ್ಕಿದ್ದೆಲ್ಲ ಕೆಲಸಕ್ಕೆ ಬಂದೈತೆ."

ಅತ್ತಿಗೆ ಮಲಗಿದ್ದಲ್ಲಿಂದಲೇ ಕುತ್ತಿಗೆ ತಿರುಗಿಸಿ ಪರದೆ ನೋಡಿದಳು. "ಅದು ನಂದೇನ್ರಿ?" ಎಂದು ಕೇಳಿದಳು. ಹೌದೆಂದರು. ಕೈ ಎತ್ತಿ ಅದಕ್ಕೆ ನಮಸ್ಕಾರ ಮಾಡಿದಳು.

ಅಣ್ಣನನ್ನು ಕರೆಸಿ ಎಲ್ಲ ಹೇಳಿದ ಮೇಲೆ ಡಾಕ್ಟರು ಹಳೆಯ ನೋವುಗಳ ಬಗ್ಗೆ ವಿವರವಾಗಿ ಕೇಳಿದರು. ಅಟ್ಯಾಕ್ ಆಗುವ ಹಿಂದಿನ ದಿನಗಳಲ್ಲಿ ಆ ಕೈನೋವು, ದವಡೆನೋವು ಬಂದು ಬಂದು ಹೋಗುತ್ತಿತ್ತೇ ಎಂದರು. ಹಿಂದಿನ ದಿನವೂ ಬಂದಿತ್ತೆಂದು ಅತ್ತಿಗೆ ಹೇಳಿದಳು. ಡಾಕ್ಟರು ತಲೆಯಾಡಿಸಿ, ಒಂದು ವಿಚಿತ್ರ ಹೇಳಿದರು. ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಬಂದು, ಹೀಗೆ ಕೆಲವು ಸಲ ಆದ ಹೃದಯ, ಮುಂದೆ ಪೂರ್ತಿ ನಿಂತಾಗ ಇನ್ನಷ್ಟು ಹೊತ್ತು ತಡೆದುಕೊಳ್ಳುವುದನ್ನು ಒಮ್ಮೊಮ್ಮೆ ಕಲಿತಿರುತ್ತದಂತೆ. ಎಲ್ಲರಲ್ಲೂ ಅಲ್ಲ, ಅದನ್ನು ನಂಬಿಕೊಂಡು ಕೂರುವಂಥದ್ದೂ ಅಲ್ಲ. ಇವರ ವಿಷಯದಲ್ಲಿ ಬೇಗ ಬಂದದ್ದೇ ದೊಡ್ಡದು, ಇದೂ ಸ್ವಲ್ಪ ಕೈ ಹಿಡಿದಿರಬಹುದು ಎಂದರು.

ಅತ್ತಿಗೆಯ ಮುಖ ಅರಳಿತು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ನೋಡ್ರಿ ಮತ್ತ! ಹಲ್ಲಿನ ಡಾಕ್ಟ್ರು ಎದಿ ತೋರಿಸ್ರಿ ಅಂದಾಗ ನಾ ತೋರಿಸಿದ್ದಿದ್ರ, ಅದು ಕಲೀತಿತ್ತೇನು?" ಎಂದುಬಿಟ್ಟಳು.

ಅಣ್ಣ ಅವಳನ್ನು ನೋಡಿದ. ನಾನು ನೆಲ ನೋಡಿದೆ.

"ಅಮ್ಮಾ," ಡಾಕ್ಟರು ನಗು ತಡೆದುಕೊಂಡು ಹೇಳಿದರು, "ಆವತ್ತೇ ತೋರಿಸಿದ್ರೆ ಕಲಿಯೋ ಕಷ್ಟಾನೇ ಇರ್ತಿರಲಿಲ್ಲ."

ಅಣ್ಣ ಬಸ್ಸಿನಲ್ಲಿ ಅವಳ ಪಕ್ಕ ಕೂರಲಿಲ್ಲ. ಎರಡು ಸೀಟು ಮುಂದೆ ಹೋಗಿ ಕಿಟಕಿಯ ಹೊರಗೆ ನೋಡುತ್ತಾ ಕೂತ. ಅತ್ತಿಗೆ ಅವನ ಹಿಂದಲೆಯನ್ನೇ ನೋಡುತ್ತಾ, ನನ್ನನ್ನು ಮೊಣಕೈಯಿಂದ ತಿವಿದು, "ನೀ ಹೇಳಿಲ್ಲ ಅಂತ ನಿನ್ನ ಮ್ಯಾಲೂ ಸಿಟ್ಟಾಗ್ಯಾನ" ಎಂದಳು. ನನಗೂ ಹಾಗೇ ಅನಿಸಿತು. ಹರಪನಹಳ್ಳಿ ಬಂದಾಗ ಅವನು ಎದ್ದು ನಿಂತು ನಮ್ಮ ಕಡೆ ಬಂದ.

"ಇಳೀರಿ."

"ಇನ್ನೂ ಕೊಟ್ಟೂರು ಬಂದಿಲ್ಲಲ್ಲ?"

"ಬಾಗಳಿಗೆ ಹೋಗಾಮು. ಎಷ್ಟು ವರ್ಷದಿಂದ ಕಲ್ಲೇಶ್ವರನ ಗುಡಿ ನೋಡಬೇಕು ಅಂತಿದ್ದಿ. ಖಾನಾವಳಿ ಬಿಟ್ಟು ಹೆಂಗ ಹೋಗಾದು ಅಂತ ನಾನ ಮುಂದ ಹಾಕ್ತಿದ್ದೆ."

ಆಟೋ ಮಾಡಿಕೊಂಡು ಹೋದೆವು. ಮೋಡ ಮುಸುಕಿದ ಮಧ್ಯಾಹ್ನ, ಗುಡಿಯಲ್ಲಿ ನಮ್ಮನ್ನು ಬಿಟ್ಟರೆ ಹೆಚ್ಚು ಜನ ಇರಲಿಲ್ಲ. ಹೊರಗೆ ಸೆಕೆ, ಒಳಗೆ ಕಂಬಗಳ ನಡುವೆ ತಂಪು. ಅತ್ತಿಗೆ ಲಿಂಗಕ್ಕೆ ಕೈಮುಗಿದು ಬಂದು, ಕಂಬಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದಳು. ಬಳಪದಂಥ ಕಲ್ಲು ಕೈಗೆ ನುಣ್ಣಗೆ ಹತ್ತುತ್ತಿತ್ತು. "ಇದನ್ನ ಕಡಿದಾಂವ ಬಾಳ ಸಮಾಧಾನದಾಂವ ಇರಬೇಕು" ಎಂದಳು. ಗುಡಿಯ ಸುತ್ತ ಪ್ರದಕ್ಷಿಣೆ ಬಂದು, ಸಾಲದೆಂದು ಮತ್ತೊಂದು ಸುತ್ತು ಹೊರಟಳು. ಎಲ್ಲಿಯೂ ನಿಲ್ಲಲಿಲ್ಲ, ದವಡೆ ಹಿಡಿದುಕೊಳ್ಳಲಿಲ್ಲ. ಅಣ್ಣ ಜಗಲಿಯ ಮೇಲೆ ಕೂತು, ಅವಳು ಮೂಲೆ ತಿರುಗಿ ಕಾಣದಾದಾಗ ಎದ್ದು ನಿಲ್ಲುವುದು, ಕಾಣಿಸಿದಾಗ ಮತ್ತೆ ಕೂರುವುದು ಮಾಡುತ್ತಿದ್ದ.

ಸುತ್ತು ಮುಗಿಸಿ ಅವಳು ಬಂದು ಅವನ ಪಕ್ಕ ಕೂತಳು. ಆಮೇಲೆ ಅಣ್ಣ ಹೇಳಿದ:

"ಇನ್ಮ್ಯಾಲೆ ಎಲ್ಲಿ ನೋವಾದ್ರೂ ನನಗ ಹೇಳಬೇಕು. ಸಣ್ಣದಿರ್ಲಿ, ದೊಡ್ಡದಿರ್ಲಿ."

"ಆತು."

"ಆತು ಅಂದ್ರ ಸಾಲದು. ಹೇಳಬೇಕು."

"ಹಂಗಾರ ಈಗ ಕಾಲು ನೋಯಾಕ ಹತ್ಯಾವ" ಎಂದಳು ಅವಳು.

ಅವಳು ತಮಾಷೆಗೆ ಹೇಳಿದ್ದು. ಅಣ್ಣ ತಮಾಷೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ಒಂದು ಮೆಟ್ಟಿಲು ಕೆಳಗೆ ಇಳಿದು ಕೂತು, ಅವಳ ಪಾದವನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು ಹಿಮ್ಮಡಿ ಒತ್ತತೊಡಗಿದ. ಅವಳು ಗಾಬರಿಯಾಗಿ ಕಾಲೆಳೆದುಕೊಳ್ಳಲು ನೋಡಿದಳು. "ಏ, ಬಿಡು! ಗುಡಿ ಐತಿ! ಮಂದಿ ನೋಡ್ತಾರ!"

"ನೋಡ್ಲಿ" ಎಂದ ಅಣ್ಣ.

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಎದ್ದು ಆಚೆ ಹೋದೆ.

ಈಗ ನಮ್ಮ ಅಡುಗೆಮನೆಯಲ್ಲಿ ಎರಡು ಹಂಚುಗಳಿವೆ. ಅತ್ತಿಗೆ ಬೆಳಗಿನ ತಂಪಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಬಡಿಯುತ್ತಾಳೆ, ಆಮೇಲೆ ಏಳಲೇಬೇಕು, ಅಣ್ಣ ಬಂದು ನಿಲ್ಲುತ್ತಾನೆ. ಮಿಕ್ಕದ್ದನ್ನು ಇಟ್ಟಿಗಿಯಿಂದ ಬಂದ ಅವಳ ತಂಗಿಯೊಬ್ಬಳು ನೋಡಿಕೊಳ್ಳುತ್ತಾಳೆ, ರಜೆಯಲ್ಲಿ ನಾನೂ ಕೂರುತ್ತೇನೆ. ಡ್ರೈವರ್ ಕಾಕಾ ಬಂದಾಗ ಅತ್ತಿಗೆ ತಾನೇ ಎದ್ದು ಹೋಗಿ ಅವರ ತಟ್ಟೆಗೆ ರೊಟ್ಟಿ ಹಾಕಿ, ಮಾತ್ರೆ ತೆಗೆದುಕೊಂಡಿರೇನು ಎಂದು ಕೇಳುತ್ತಾಳೆ. ಅವರು ಹೂಂ ಎಂದರೂ ಪೂರ್ತಿ ನಂಬದೆ, ಅಂಗಿಯ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆಸಿ, ಒಂದು ಕಡಿಮೆಯಾಗಿದೆಯೇ ಎಂದು ನೋಡಿಯೇ ಪಲ್ಯ ಬಡಿಸುತ್ತಾಳೆ.